ಎರ್ಸಿಲಿಯಾಳ ವಿಳಾಸ

ಚರ್ಚಿನ ಮೆಟ್ಟಿಲ ಮೇಲೆ ಬೇಡುವವರೆಲ್ಲ ತಂತಮ್ಮ ವಾಸಸ್ಥಳಕ್ಕೆ ಮರಳತಕ್ಕದ್ದೆಂದು ಪುರಸಭೆ ಆಜ್ಞೆ ಹೊರಡಿಸಿತು. ಪೇದೆ ಒತ್ತಾವಿಯೊ ಅದನ್ನು ಮುದುಕಿ ಎರ್ಸಿಲಿಯಾಳ ಮುಂದೆ ಹಿಡಿದು, "ಮನೆಗೆ ನಡೀರಿ ಅಜ್ಜಿ," ಎಂದ.

ಆಕೆ ಗುರುತಿನ ಚೀಟಿ ಕೊಟ್ಟಳು. ಸೂರಿಲ್ಲದವರ ಹೆಸರು ನೋಂದಾಯಿಸಲೆಂದು ಪುರಸಭೆಯೇ ಕಾಗದದಲ್ಲಿ ಸೃಷ್ಟಿಸಿದ್ದ, ನೆಲದ ಮೇಲೆಲ್ಲೂ ಇಲ್ಲದ ಬೀದಿಯೊಂದರ ಹೆಸರು ಅದರಲ್ಲಿತ್ತು.

"ಈ ಬೀದಿಗೆ ಕರ್ಕೊಂಡು ಹೋಗಪ್ಪಾ, ಈಗ್ಲೇ ಎದ್ದೇಳ್ತೀನಿ."

"ಅಂಥ ಬೀದಿನೇ ಇಲ್ವಲ್ಲ ಅಜ್ಜಿ."

"ವೋಟಿನ ಚೀಟಿ ಬರ್ಕೊಟ್ಟಾಗ ಇತ್ತಲ್ಲ? ನಾನು ಈ ಊರೋಳು ಅಂತ ಬರ್ದೋರು ಪುರಸಭೆಯೋರೇ. ಮೊದ್ಲು ಬೀದಿ ಮಾಡಿ, ಅದ್ರಲ್ಲೊಂದು ಮನೆ ಕಟ್ಟಿಸಿ, ಆಮೇಲೆ ಮನೆಗೆ ಹೋಗು ಅನ್ನೋಕೆ ಹೇಳು."

ಕೇಳಿಬರುತ್ತೇನೆಂದು ಅವನು ಪುರಸಭೆಯತ್ತ ಹೊರಟ. ಎರ್ಸಿಲಿಯಾ ಬೆನ್ನು ನೆಟ್ಟಗೆ ಮಾಡಿ ಕುಳಿತು, ಅವನು ತಿರುತಿರುಗಿ ನೋಡುತ್ತಿರುವಂತೆಯೇ, ಕೈಯನ್ನು ಮತ್ತೆ ಚಾಚಿದಳು.