ಎಲ್ಲ ನೋವಿಗೂ ಉಳುಕೆಂದೇ ಹೆಸರು

ಸಂಜೆ ಐದೂಕಾಲು. ಶಾಲೆಯ ಮೈದಾನದಲ್ಲಿ ಹ್ಯಾಂಡ್‌ಬಾಲ್ ಅಭ್ಯಾಸ ನಡೆಯುತ್ತಿದ್ದಾಗ ಹದಿನಾರು ವರ್ಷದ ಹುಡುಗಿಯೊಬ್ಬಳು ಬಿದ್ದಳು. ಅವಳನ್ನು ಯಾರೂ ತಳ್ಳಿರಲಿಲ್ಲ.

ಗೋಲಿನತ್ತ ಜಿಗಿದು, ಎಡಗಾಲಿನ ಮೇಲೆ ಇಳಿದು, ತಿರುಗಿದ್ದಳು ಅಷ್ಟೆ. ಮೊಣಕಾಲಿನೊಳಗೆ ‘ಟಪ್’ ಎಂದಿತು. ಪಕ್ಕದಲ್ಲಿದ್ದ ಗೆಳತಿಗೂ ಅದು ಕೇಳಿಸಿತು.

ತರಬೇತಿ ಕೊಡುತ್ತಿದ್ದವರು ಹುಡುಗಿಯ ತಂದೆಯೇ. ಆ ಶಾಲೆಯ ದೈಹಿಕ ಶಿಕ್ಷಕರು. ಮಕ್ಕಳ ಬಾಯಲ್ಲಿ ಸೀಟಿ ಮೇಷ್ಟ್ರು. ಯಾರು ಬಿದ್ದರೂ ಅವರು ಮಾಡುವುದು ಒಂದೇ: ಕಾಲು ನೀವುವುದು, ಒಮ್ಮೆ ಎಳೆಯುವುದು, ಎಬ್ಬಿಸಿ ನಡೆಸುವುದು. ಮಗಳಿಗೂ ಅದನ್ನೇ ಮಾಡಿದರು.

“ಉಳುಕು ಕಣೆ. ಎದ್ದು ಒಂದು ಸುತ್ತು ನಡಿ, ಬಿಟ್ಟುಹೋಗುತ್ತೆ.”

ಅವಳು ಅರ್ಧ ಸುತ್ತು ನಡೆದು ಕುಳಿತುಬಿಟ್ಟಳು. ಮನೆ ಸೇರುವಷ್ಟರಲ್ಲಿ ಮೊಣಕಾಲು ಊದಿ, ಚಿಪ್ಪು ಎಲ್ಲಿದೆ ಎಂದು ಕಾಣದಂತಾಗಿತ್ತು.

ಮೇಷ್ಟ್ರ ಸೊಸೆ ಫಿಸಿಯೋಥೆರಪಿಸ್ಟ್. ಊರಿನ ಆಸ್ಪತ್ರೆಯಲ್ಲಿ ಕೆಲಸ. ಲಕ್ವ ಹೊಡೆದವರಿಗೆ ಕೈ ಎತ್ತುವುದನ್ನು, ಸೊಂಟದ ಮೂಳೆ ಮುರಿದ ಹಿರಿಯರಿಗೆ ಹೆಜ್ಜೆ ಇಡುವುದನ್ನು ಮತ್ತೆ ಕಲಿಸುವವಳು. ನಾದಿನಿಯ ಕಾಲಿಗೆ ಐಸ್ ಇಟ್ಟಳು, ಪಟ್ಟಿ ಸುತ್ತಿದಳು, ಮರುದಿನ ಎಕ್ಸ್‌ರೇ ತೆಗೆಸಿದಳು. ಮೂಳೆಗೆ ಏನೂ ಆಗಿರಲಿಲ್ಲ. ಹಾಗಾದರೆ ಉಳುಕೇ ಎಂದು ಅವಳೂ ಹೇಳಿದಳು.

ಮುಂದಿನ ವಾರಗಳಲ್ಲಿ ಊತ ಇಳಿಯಿತು. ಮನೆಯಲ್ಲಿ ಆಗ ನಡೆಯುತ್ತಿದ್ದ ವಾದ ಬೇರೆಯದೇ. ಕ್ರೀಡಾ ವೈದ್ಯಕೀಯದಲ್ಲಿ ಒಂದು ವರ್ಷದ ಫೆಲೋಶಿಪ್‌ಗೆ ಸೊಸೆ ಆಯ್ಕೆಯಾಗಿದ್ದಳು. ಬೇರೆ ಊರಿನ ವೈದ್ಯಕೀಯ ಕಾಲೇಜು. ಆಟಗಾರರಿಗೆ ಚಿಕಿತ್ಸೆ ಕೊಡುತ್ತ ಕಲಿಯಬೇಕು, ಜೊತೆಗೆ ಒಂದು ಸಂಶೋಧನೆಯನ್ನೂ ಮಾಡಬೇಕು. ಬರುತ್ತೇನೋ ಇಲ್ಲವೋ ಎಂದು ತಿಂಗಳ ಕೊನೆಯೊಳಗೆ ತಿಳಿಸಬೇಕಿತ್ತು.

ಮನೆಯನ್ನು ಒಂದು ವರ್ಷ ಬಿಟ್ಟಿರುವುದೆಂದರೇನು ಎಂದು ಅತ್ತೆ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಕೇಳಿದರು. ಗಂಡನದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು: ಹೋದರೂ ಸರಿ, ಹೋಗದಿದ್ದರೂ ಸರಿ. ಮೇಷ್ಟ್ರು ಮಾತ್ರ ನೇರವಾಗಿ ಹೇಳಿದರು.

“ಆಡೋರ ಕಾಲು ನೀವೋದಕ್ಕೆ ಒಂದು ವರ್ಷ ಓದ್ಬೇಕೇನಮ್ಮ? ನಾನು ಯಾವ ಕಾಲೇಜಿಗೆ ಹೋಗಿದ್ದೆ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?”

ಸೊಸೆ ಹೋಗುವ ಆಸೆ ಕೈಬಿಟ್ಟಳು. ಬರುವುದಿಲ್ಲ ಎಂದು ತಿಳಿಸುವುದೊಂದು ಬಾಕಿ ಇತ್ತು.

ಆ ಶನಿವಾರ ಮಗಳು ಮತ್ತೆ ಮೈದಾನಕ್ಕಿಳಿದಳು. ನೇರ ಓಡಿದಾಗ ನೋವಿರಲಿಲ್ಲ. ಚೆಂಡು ಹಿಡಿದು ತಿರುಗಿದೊಡನೆ ಮೊಣಕಾಲು ಸೋತಿತು. ಈ ಸಲ ಬಿದ್ದವಳಿಗೆ ಕಾಲು ಚಾಚಲೂ ಆಗಲಿಲ್ಲ. ಬಾಗಿದ್ದ ಮೊಣಕಾಲು ಬಾಗಿದಂತೆಯೇ ಸಿಕ್ಕಿಕೊಂಡಿತ್ತು. ನೀವಲು ಬಂದ ತಂದೆಯ ಕೈಯನ್ನು ಅವಳು ತಳ್ಳಿದಳು.

ನಗರದ ದೊಡ್ಡ ಆಸ್ಪತ್ರೆಯಲ್ಲಿ ಕ್ರೀಡಾ ಗಾಯಗಳ ತಜ್ಞೆಯೊಬ್ಬರು ಇದ್ದರು. ಎಂಆರ್‌ಐ ಆದ ಮೇಲೆ ಎಲ್ಲರನ್ನೂ ಕೂರಿಸಿ ಚಿತ್ರ ತೋರಿಸಿದರು. ತೊಡೆಯ ಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಹಿಡಿದಿಡುವ ಹಗ್ಗದಂಥ ಪಟ್ಟಿ, ಲಿಗಮೆಂಟ್, ಪೂರ್ತಿ ಹರಿದಿತ್ತು. ಬಹುಶಃ ಮೊದಲ ದಿನವೇ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಹಿಡಿತವಿಲ್ಲದ ಕಾಲಿನಲ್ಲಿ ಮತ್ತೆ ಆಡಿದ್ದರಿಂದ ಮೂಳೆಗಳ ನಡುವಿನ ಮೆತ್ತೆಯೂ ಹರಿದು ಸಿಕ್ಕಿಕೊಂಡಿತ್ತು. ಶಸ್ತ್ರಚಿಕಿತ್ಸೆ ಬೇಕು. ಆಮೇಲೆ ಕನಿಷ್ಠ ಒಂಬತ್ತು ತಿಂಗಳು ಆಟವಿಲ್ಲ.

ಮೇಷ್ಟ್ರು ಚಿತ್ರವನ್ನು ಕೈಗೆ ತೆಗೆದುಕೊಂಡರು. ಅದು ತಲೆಕೆಳಗಾಗಿತ್ತು.

ನಿಮ್ಮ ತಂಡದಲ್ಲಿ ಹೀಗೆ ಆಟ ಬಿಟ್ಟ ಹುಡುಗಿಯರು ಇದ್ದಾರೆಯೇ ಎಂದು ಡಾಕ್ಟರ್ ಕೇಳಿದರು. ಇಲ್ಲ ಎಂದರು ಮೇಷ್ಟ್ರು.

“ಆಸಕ್ತಿ ಕಳಕೊಂಡು ಬಿಟ್ಟೋರು ಇದ್ದಾರೆ ಅಷ್ಟೆ. ಒಬ್ಳಿಗೆ ಉಳುಕಾದ ಮೇಲೆ ತಿರುಗೋದಕ್ಕೇ ಹೆದರಿಕೆ. ಇನ್ನೊಬ್ಳು, ಮೆಟ್ಟಿಲಿಳಿಯುವಾಗ ಮೊಣಕಾಲು ಸೋಲುತ್ತೆ ಸಾರ್ ಅಂತಿದ್ಲು. ಸೋಮಾರಿ ಅಂತ ನಾನೇ…”

ಮಾತು ಅಲ್ಲಿಗೇ ನಿಂತಿತು. ತಾನು ಏನು ಹೇಳುತ್ತಿದ್ದೇನೆಂಬುದು ಅವರಿಗೆ ಆಗಷ್ಟೇ ಕೇಳಿಸಿದಂತಿತ್ತು.

ಡಾಕ್ಟರ್ ಬೈಯಲಿಲ್ಲ. ಜಿಗಿದು ತಿರುಗುವ ಆಟಗಳಲ್ಲಿ ಈ ಗಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು ಎಂದರು. ಅಭ್ಯಾಸಕ್ಕೆ ಮುಂಚೆ ಸರಿಯಾಗಿ ಇಳಿಯುವ, ತಿರುಗುವ ವ್ಯಾಯಾಮ ಮಾಡಿಸಿದರೆ ಇಂಥ ಗಾಯಗಳನ್ನು ಸುಮಾರು ಅರ್ಧಕ್ಕೆ ಇಳಿಸಬಹುದು ಎಂದು ಸಂಶೋಧನೆಗಳು ಕಂಡುಕೊಂಡಿವೆ. ಆದರೆ ಅದನ್ನು ಕಲಿತವರು ಮೈದಾನಗಳಲ್ಲಿ ಕಡಿಮೆ. ದೈಹಿಕ ಶಿಕ್ಷಕರಿಗೂ ಎರಡು ದಿನದ ತರಬೇತಿ ಇದೆ, ಬರುವವರು ಬೆರಳೆಣಿಕೆಯಷ್ಟು. ಸಣ್ಣ ಊರಿನ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಏನಾಗುತ್ತಿದೆ ಎಂದು ಅಧ್ಯಯನ ಮಾಡಿದವರು ಇನ್ನೂ ಕಡಿಮೆ.

ಹೊರಗೆ ಬೆಂಚಿನ ಬಳಿ ಅತ್ತೆ ಸೊಸೆಯನ್ನು ತಡೆದರು.

“ನೀನೂ ಮುಟ್ಟಿ ನೋಡಿದ್ಯಲ್ಲಮ್ಮ. ನಿನಗೂ ಗೊತ್ತಾಗ್ಲಿಲ್ವಾ?”

“ಗೊತ್ತಾಗ್ಲಿಲ್ಲ ಅತ್ತೆ,” ಎಂದಳು ಸೊಸೆ. “ಹರಿದಿದೆಯಾ ಅಂತ ಕೈಯಲ್ಲೇ ನೋಡೋ ಪರೀಕ್ಷೆ ಇದೆ. ಕಾಲೇಜಲ್ಲಿ ಒಂದು ಸಲ ತೋರ್ಸಿದ್ರು. ಆಮೇಲೆ ಇಂಥ ಮೊಣಕಾಲು ನನ್ನ ಕೈಗೆ ಬಂದಿರ್ಲಿಲ್ಲ. ಊದಿದ ಕಾಲಲ್ಲಿ ನನಗೆ ತಿಳೀಲೇ ಇಲ್ಲ. ಊತ ಇಳಿದ ಮೇಲೆ ಇನ್ನೊಂದು ಸಲ ನೋಡ್ಬೇಕು ಅಂತಾನೂ ಹೊಳೀಲಿಲ್ಲ. ಇದನ್ನ ಕಲಿಯೋದಕ್ಕೇ ಅತ್ತೆ ನಾನು ಹೋಗ್ತೀನಿ ಅಂದದ್ದು.”

ಸ್ವಲ್ಪ ತಡೆದು ಮಾವನ ಕಡೆ ತಿರುಗಿದಳು. “ಅಂಗೈಯಲ್ಲಿರೋ ಹುಣ್ಣಲ್ಲ ಮಾವ ಇದು. ಒಳಗಿರೋದು.”

ಅದಕ್ಕೆ ಉತ್ತರ ಕೊಟ್ಟವಳು ಗಾಲಿಕುರ್ಚಿಯಲ್ಲಿದ್ದ ಮಗಳು.

“ಅತ್ತಿಗೆ ಹೋಗ್ಲಿ ಅಪ್ಪ. ನನ್ನ ಕಾಲಂತೂ ಹೋಯ್ತು. ಟೀಮಲ್ಲಿ ಉಳಿದೋರದ್ದು ಇನ್ನೂ ಚೆನ್ನಾಗಿದೆ.”

ಊರಿಗೆ ಮರಳುವ ದಾರಿಯಲ್ಲಿ ಮೇಷ್ಟ್ರು ಸೊಸೆಯನ್ನು ಕೇಳಿದರು: ಬರುವುದಿಲ್ಲ ಎಂದು ತಿಳಿಸಿಬಿಟ್ಟೆಯಾ? ಇನ್ನೂ ಇಲ್ಲ ಎಂದಳು.

“ಹಾಗಿದ್ರೆ ಬರ್ತೀನಿ ಅಂತ ಈಗ್ಲೇ ತಿಳಿಸು. ಆ ಎರಡು ದಿನದ್ದು ಇದೆ ಅಂದ್ರಲ್ಲ, ಅದಕ್ಕೆ ನನ್ನ ಹೆಸರೂ ಕೊಡು.”

ಅತ್ತೆಗೆ ಬೆಳಗಿನಿಂದ ಮೊದಲ ಬಾರಿಗೆ ನಗು ಬಂತು. “ಅಲ್ಲಿ ಪರೀಕ್ಷೆ ಇಟ್ಟು ನೀವು ಫೇಲಾದ್ರೆ, ಮಕ್ಕಳು ನಿಮಗೇ ಸೀಟಿ ಹೊಡೀತಾರೆ ನೋಡಿ.”

ಈ ಕಥೆಯನ್ನು ಓದುತ್ತಿರುವ ಅಥವಾ ಕೇಳುತ್ತಿರುವ ಶಿಕ್ಷಕರೇ, ಫಿಸಿಯೋಥೆರಪಿಸ್ಟರೇ, ದಾದಿಯರೇ, ಕಿರಿಯ ವೈದ್ಯರೇ: ಆಟದ ಗಾಯಗಳ ಬಗ್ಗೆ ಕಲಿಯಲು ಕೆಲವು ದಿನಗಳ ತರಬೇತಿಯೂ ಇದೆ, ವರ್ಷಗಟ್ಟಲೆಯ ಓದೂ ಇದೆ. ಹತ್ತಿರದ ವೈದ್ಯಕೀಯ ಕಾಲೇಜಿನಲ್ಲಿ, ಫಿಸಿಯೋಥೆರಪಿ ಕಾಲೇಜಿನಲ್ಲಿ, ಕ್ರೀಡಾ ಇಲಾಖೆಯಲ್ಲಿ ವಿಚಾರಿಸಿ. ಸಂಶೋಧನೆ ದೊಡ್ಡವರ ಕೆಲಸ ಎಂದು ಹಿಂಜರಿಯಬೇಡಿ. ನಿಮ್ಮ ಮೈದಾನದಲ್ಲಿ ಏನಾಗುತ್ತಿದೆ ಎಂದು ನಿಮ್ಮಷ್ಟು ಹತ್ತಿರದಿಂದ ನೋಡುವವರು ಬೇರೆ ಇಲ್ಲ. ಮನೆಯವರೇ, ಕಲಿಯಲು ಹೊರಟವರನ್ನು ಬಾಗಿಲಲ್ಲಿ ತಡೆಯಬೇಡಿ. ಮತ್ತು ಯಾವ ಮಗುವಿನ ಮೊಣಕಾಲು ಸದ್ದು ಮಾಡಿ, ಕೆಲವೇ ಗಂಟೆಗಳಲ್ಲಿ ಊದಿದರೂ, ನೀವಬೇಡಿ, ಎಳೆಯಬೇಡಿ, ನಡೆಸಬೇಡಿ. ಬಲ್ಲವರಿಗೆ ತೋರಿಸಿ.

ಸೊಸೆ ಮುಂದಿನ ತಿಂಗಳು ಫೆಲೋಶಿಪ್‌ಗೆ ಸೇರಿದಳು. ಶಾಲಾ ಆಟಗಾರ್ತಿಯರ ಮೊಣಕಾಲಿನ ಗಾಯಗಳನ್ನೇ ಸಂಶೋಧನೆಗೆ ಆರಿಸಿಕೊಂಡಳು. ಮೇಷ್ಟ್ರು ತರಬೇತಿಗೆ ಹೋದರು. ಆ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯರು ಅವರೇ. ಮಗಳಿಗೆ ಶಸ್ತ್ರಚಿಕಿತ್ಸೆಯಾಗಿ ಹತ್ತು ತಿಂಗಳಾದ ಮೇಲೆ ಕಾಲಿನ ಬಲವನ್ನು ಪರೀಕ್ಷಿಸಿದಾಗ ಎಡಗಾಲು ಇನ್ನೂ ಬಲಗಾಲಿನಷ್ಟು ಗಟ್ಟಿಯಾಗಿರಲಿಲ್ಲ. ಆ ವಾರ ತಂಡಕ್ಕೆ ಫೈನಲ್ ಪಂದ್ಯವಿತ್ತು. ತಂದೆ ಅವಳನ್ನು ಆಡಿಸಲಿಲ್ಲ.