ಟರ್ಕ್ ಬಂದ, ಟೆವಿನ್ ಓಡಿದ

ಟೆವಿನ್ ಪೆಟ್ವೇ ಎಷ್ಟು ಜೋರಾಗಿ ಓಡುತ್ತಿದ್ದನೆಂದರೆ, ಅಲಬಾಮಾದ ತನ್ನ ಊರಿನಲ್ಲಿ ಅವನು ಅಂಗಡಿಗೆ ಹೋಗಿ ಮನೆಗೆ ಬಂದು ಊಟಕ್ಕೆ ಕೂತರೂ ಅವನ ನೆರಳು ಇನ್ನೂ ಅಂಗಡಿಯ ಮುಂದೆ ಚಿಲ್ಲರೆಗೆ ಕಾಯುತ್ತ ನಿಂತಿರುತ್ತಿತ್ತು. ಅವನು ಓದಿದ ಕಾಲೇಜು ಬಹಳ ಚಿಕ್ಕದು. ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಅಮೆರಿಕದ ಫುಟ್‌ಬಾಲ್ ಆಡಲು ಅಲ್ಲಿದ್ದ ಮೈದಾನದ ಬೇಲಿಯಾಚೆ ಹಸುಗಳು ಮೇಯುತ್ತಿದ್ದವು. ಅವನು ಓಡಿದಾಗ ಏಳುವ ಗಾಳಿಗೆ ಅವುಗಳಿಗೆ ನೆಗಡಿ ಹಿಡಿಯುತ್ತಿತ್ತು. ಆಟಗಾರರನ್ನು ಹುಡುಕಿಕೊಂಡು ದೇಶ ಸುತ್ತುವ ಮುದುಕ ಹಾರ್ಲನ್ ವೀಮ್ಸ್ ಒಮ್ಮೆ ಅಲ್ಲಿಗೆ ಬಂದ. ಓಟ ಮುಗಿದ ಮೇಲೆ ತನ್ನ ಗಡಿಯಾರ ನೋಡಿದ, ಅದು ಕೆಟ್ಟಿದೆಯೆಂದು ಅಂಗೈಗೆ ಬಡಿದ, ಪಕ್ಕದವನ ಗಡಿಯಾರ ಇಣುಕಿ ನೋಡಿದ, ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಏಪ್ರಿಲ್‌ನಲ್ಲಿ ತಂಡಗಳು ಹೊಸಬರನ್ನು ಆರಿಸುವ ದಿನ, ಕೊನೆಯ ಸುತ್ತಿನಲ್ಲಿ ಉಳಿದವರೆಲ್ಲ ಆಕಳಿಸುತ್ತಿದ್ದಾಗ, ಅದೇ ವೀಮ್ಸ್ ಮೇಜಿನ ಮೇಲೆ ಹತ್ತಿ ನಿಂತು "ಪೆಟ್ವೇ! ಪೆಟ್ವೇ!" ಎಂದು ಕಿಟಕಿಯ ಗಾಜು ನಡುಗುವಂತೆ ಕೂಗಿದ್ದರಿಂದಲೇ ಈ ಹುಡುಗ ದೊಡ್ಡ ತಂಡಕ್ಕೆ ಬಂದದ್ದು.

ಅಂಥ ಓಟಗಾರ ಈಗ, ಆಗಸ್ಟ್ ತಿಂಗಳ ಕೊನೆಯ ವಾರದ ಒಂದು ಬೆಳಿಗ್ಗೆ, ತರಬೇತಿ ಶಿಬಿರದ ಕೋಣೆಯಲ್ಲಿ ಮಂಚದ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತು ನಡುಗುತ್ತಿದ್ದ. ಮಂಚವೂ ನಡುಗುತ್ತಿತ್ತು. ಕೆಳಗಿನ ಮಹಡಿಯವರು ಭೂಕಂಪವೆಂದು ಹೊರಗೆ ಓಡಿಬಂದಿದ್ದರು.

ಅಂದು ತಂಡದ ಪಟ್ಟಿ ಮುಗಿಯುವ ದಿನ. ಶಿಬಿರದಲ್ಲಿದ್ದ ತೊಂಬತ್ತು ಮಂದಿಯಲ್ಲಿ ಐವತ್ಮೂರು ಮಂದಿ ಉಳಿಯಬೇಕು, ಮಿಕ್ಕವರು ಮನೆಗೆ. ಟೆವಿನ್‌ನ ಕಾಲುಗಳ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಕೈಗಳ ಬಗ್ಗೆ. ಎದುರಾಳಿಗಳು ಆಕಾಶಕ್ಕೆ ಒದ್ದ ಚೆಂಡನ್ನು ಹಿಡಿದು ಅವರ ನಡುವೆಯೇ ನುಗ್ಗಿ ಓಡುವುದು ಅವನ ಕೆಲಸ. ಹಿಡಿಯುತ್ತಿದ್ದ, ಓಡುತ್ತಿದ್ದ, ಆದರೆ ಪಕ್ಕದಿಂದ ಒಬ್ಬ ಬಂದು ಸ್ವಲ್ಪ ಭುಜ ತಾಗಿಸಿದರೆ ಸಾಕು, ಚೆಂಡು ಸೋಪಿನ ಹಾಗೆ ಜಾರಿಹೋಗುತ್ತಿತ್ತು. ಅಭ್ಯಾಸದ ಪಂದ್ಯಗಳಲ್ಲಿ ಅವನು ಬೀಳಿಸಿದ ಚೆಂಡುಗಳನ್ನು ಒಟ್ಟುಮಾಡಿದ್ದರೆ ಒಂದು ಅಂಗಡಿಯನ್ನೇ ಇಡಬಹುದಿತ್ತು. "ಕಾಲು ಚಿನ್ನ, ಕೈ ಬೆಣ್ಣೆ" ಎಂದು ಮುಖ್ಯ ಕೋಚ್ ಕ್ರೌಡರ್ ಎಲ್ಲರೆದುರಿಗೆ ಹೇಳಿಬಿಟ್ಟಿದ್ದ.

ಊರಿನಲ್ಲೋ, ಚರ್ಚಿನ ಗೋಡೆಗೆ ಟೆವಿನ್‌ನ ಚಿತ್ರ ತೂಗುಹಾಕಿ ಆಗಿತ್ತು. ಊರಿಗಿದ್ದ ಒಂದೇ ಒಂದು ಟ್ರಾಫಿಕ್ ದೀಪಕ್ಕೆ ಅವನ ಹೆಸರಿಡಬೇಕೆಂದು ಸಭೆ ಸೇರಿತ್ತು. ಈಗ ಚೀಲ ಹೆಗಲಿಗೇರಿಸಿಕೊಂಡು ಬಸ್ಸಿನಿಂದಿಳಿದು ಆ ದೀಪದ ಕೆಳಗೆ ಹೇಗೆ ನಡೆದುಹೋಗುವುದು? ಅದು ಹಸಿರಾಗಿದ್ದರೂ ನಾಚಿಕೆ, ಕೆಂಪಾಗಿದ್ದರಂತೂ ಕೇಳುವುದೇ ಬೇಡ.

"ಏಳೋ ಮರಿ, ತಿಂಡಿ ತಿನ್ನು," ಎಂದ ಕೋಣೆಯ ಜೊತೆಗಾರ ಲಾಂಗ್‌ಮೈರ್. ಅವನು ತಂಡದಲ್ಲಿ ಹನ್ನೊಂದು ವರ್ಷ ಹಳಬ, ನಿಂತರೆ ಕಿಟಕಿ ಮುಚ್ಚಿಹೋಗಿ ಕೋಣೆಯಲ್ಲಿ ದೀಪ ಹಾಕಬೇಕಾಗುತ್ತಿತ್ತು. "ಬನ್ನಿನಂಥ ಬಿಸಿ ಬಿಸ್ಕಿಟ್ ಮೇಲೆ ಗ್ರೇವಿ ಹಾಕ್ತಾವ್ರೆ. ಖಾಲಿ ಹೊಟ್ಟೇಲಿ ಮನೆಗೆ ಕಳಿಸಿದ್ರೆ ನಿಮ್ಮಮ್ಮ ನಮ್ಮನ್ನ ಬೈತಾಳೆ."

"ಹಂಗನ್ಬೇಡ ಅಣ್ಣ. ಜೀವ ಕೈಗೆ ಬರ್ತದೆ."

"ಕೈಗೆ ಬಂದ್ರೆ ಒಳ್ಳೇದೇ ಅಲ್ವೇನೋ? ನಿನ್ ಕೈಗೆ ಏನಾದ್ರೂ ಬಂದು ನಿಂತದ್ದನ್ನ ನಾವು ನೋಡೇ ಇಲ್ಲ."

ಟೆವಿನ್ ನಗಲಿಲ್ಲ. ಅವನ ಕಿವಿಯೆಲ್ಲ ಹೊರಗಿನ ಓಣಿಯಲ್ಲಿತ್ತು. ಅಲ್ಲಿ ಯಾವ ಕ್ಷಣದಲ್ಲಾದರೂ ಟರ್ಕ್‌ನ ಹೆಜ್ಜೆ ಕೇಳಬಹುದಿತ್ತು. ಟರ್ಕ್ ಎಂದರೆ ಮೋರಿಸ್ ಬಿಗ್ಸ್, ತಂಡದ ಕಚೇರಿಯ ಮನುಷ್ಯ, ಬಾಗಿಲು ತಟ್ಟಿ "ಕೋಚ್ ಕರೀತಾರೆ, ಪುಸ್ತಕ ತಗೊಂಡು ಬಾ" ಎಂದು ಹೇಳುವುದೇ ಅವನ ಕೆಲಸ. ಆ ಪುಸ್ತಕದಲ್ಲಿ ತಂಡದ ಆಟಗಳೆಲ್ಲ ಬರೆದಿರುತ್ತವೆ. ಮನೆಗೆ ಹೋಗುವವನು ಅದನ್ನು ವಾಪಸು ಕೊಟ್ಟು ಹೋಗಬೇಕು. ಇಂಥ ಕೆಲಸ ಮಾಡುವವನನ್ನು ಎಲ್ಲ ತಂಡಗಳಲ್ಲೂ ಟರ್ಕ್ ಎಂದೇ ಕರೆಯುತ್ತಾರೆ, ಯಾಕೆಂದು ಯಾರಿಗೂ ಗೊತ್ತಿಲ್ಲ. ಬಿಗ್ಸ್‌ನಷ್ಟು ಮೃದು ಮನುಷ್ಯ ಶಿಬಿರವಿದ್ದ ಇಡೀ ಮಿಸ್ಸೂರಿ ರಾಜ್ಯದಲ್ಲೇ ಇರಲಿಲ್ಲ. ಅವನ ಮುಗುಳ್ನಗೆ ಕಂಡರೆ ಸಿಂಹದಂಥ ಗಂಡಸರು ಸ್ನಾನದ ಮನೆಗೆ ನುಗ್ಗಿ ಚಿಲಕ ಹಾಕಿಕೊಳ್ಳುತ್ತಿದ್ದರು.

"ಒಂದ್ ಗುಟ್ಟು ಹೇಳ್ಲಾ?" ಲಾಂಗ್‌ಮೈರ್ ಗಂಭೀರ ಮುಖ ಮಾಡಿದ. "ಟರ್ಕ್ ಎದುರಿಗೆ ನಿಂತು ಹೇಳ್ಬೇಕು. ಪುಸ್ತಕ ಅವನ ಕೈಗೆ ಹೋಗ್ಬೇಕು. ಆಮೇಲಷ್ಟೇ ಲೆಕ್ಕ. ಸಾಯಂಕಾಲ ನಾಲ್ಕಕ್ಕೆ ಪಟ್ಟಿ ಮುಚ್ತಾರೆ. ಅಲ್ಲೀತನಕ ನೀನು ಸಿಗ್ದೇ ಇದ್ರೆ, ಮುಗೀತು, ನೀನು ತಂಡದಲ್ಲೇ."

"ದೇವರಾಣೆಗೂ?"

"ನಮ್ಮಜ್ಜಿ ಆಣೆ." ಲಾಂಗ್‌ಮೈರ್‌ಗೆ ಅಜ್ಜಿ ಇರಲಿಲ್ಲ.

ಹೊಸಬರಿಗೆ ಇದೇ ಕತೆ ಹೇಳಿ ನಗುವುದು ಆ ಶಿಬಿರದ ಹಳೆಯ ಚಟ. ಇದುವರೆಗೆ ಯಾರೂ ನಂಬಿರಲಿಲ್ಲ. ಟೆವಿನ್ ನಂಬಿದ. ಅಷ್ಟರಲ್ಲಿ ಕಿಟಕಿಯ ಕೆಳಗೆ ಪುಟ್ಟ ಬ್ಯಾಟರಿ ಗಾಡಿ ಬಂದು ನಿಂತ ಸದ್ದಾಯಿತು. ಗಾಡಿಯಿಂದ ಬೂದು ಟೋಪಿ ಇಳಿಯಿತು. ಟೋಪಿಯ ಕೆಳಗೆ ಬಿಗ್ಸ್ ಇದ್ದ. ಅವನು ತಲೆಯೆತ್ತಿ ಕಿಟಕಿಯತ್ತ ನೋಡಿ ಮುಗುಳ್ನಕ್ಕ.

ಟೆವಿನ್ ಮಂಚದಿಂದ ಹಾರಿದ. ದಪ್ಪ ಕಪ್ಪು ಪುಸ್ತಕವನ್ನು ಎದೆಗೆ ಅವುಚಿಕೊಂಡವನೇ ಹಿಂದಿನ ಮೆಟ್ಟಿಲು ಹಿಡಿದ. ಮೆಟ್ಟಿಲುಗಳನ್ನು ಅವನು ಇಳಿಯಲೇ ಇಲ್ಲ, ಅವೇ ಅವನ ಕಾಲ ಕೆಳಗಿನಿಂದ ಜಾರಿಹೋದವು.

"ಮಗನೇ! ನಿಲ್ಲೋ ಮಗನೇ!" ಬಿಗ್ಸ್‌ನ ಇಂಪಾದ ದನಿ ಬೆನ್ನಿಗೆ ಬಿತ್ತು. ಆ ದನಿಯೇ ಚಾಟಿಯೇಟಿನಂತೆ ಕೇಳಿಸಿತು.

ಕಚೇರಿಯ ಮೇಲ್ಮಹಡಿಯ ಮೊಗಸಾಲೆಯಲ್ಲಿ ಕೋಚ್ ಕ್ರೌಡರ್ ಕಾಫಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ವೀಮ್ಸ್. ಮೇಜು ಹತ್ತಿ ಕೂಗಿದ ತಪ್ಪಿಗೆ ಈ ಹುಡುಗನ ಜೊತೆ ತನ್ನ ಕೆಲಸವೂ ಹೋಗುತ್ತದೆಂದು ಮುದುಕ ಬೆಳಗಿನಿಂದ ಉಗುರು ಕಚ್ಚಿ ಕಚ್ಚಿ ಮೊಣಕೈ ತನಕ ಬಂದಿದ್ದ.

"ಅದೇನದು ಮೈದಾನದಲ್ಲಿ?" ಎಂದ ಕ್ರೌಡರ್.

"ಪೆಟ್ವೇ," ಎಂದ ವೀಮ್ಸ್. ಅಭ್ಯಾಸಬಲದಿಂದ ಅವನ ಹೆಬ್ಬೆರಳು ಗಡಿಯಾರ ಒತ್ತಿತು.

ಕೆಳಗೆ ಟೆವಿನ್ ಹುಲ್ಲಿಗೆ ನೀರು ಹಾರಿಸುವ ಕೊಳವೆಗಳ ನಡುವೆ ತೂರಿದ; ಒಂದು ಹನಿಯೂ ಅವನನ್ನು ಮುಟ್ಟಲಿಲ್ಲ. ಹಿಂದೆ ಬಿಗ್ಸ್‌ನ ಗಾಡಿ ಕಿರುಗುಟ್ಟುತ್ತಿತ್ತು. ಮೈನೋವಿಗೆಂದು ಹಿಮದ ನೀರಿನ ತೊಟ್ಟಿಗಳಲ್ಲಿ ಕೂತಿದ್ದ ಧಾಂಡಿಗರು ಸಿಳ್ಳೆ ಹಾಕಿದರು. "ಹಿಡ್ಕೊಳ್ರೋ!" "ಬಿಡ್ರೋ ಪಾಪ!" ಎಂದು ಗಲಾಟೆಯೆದ್ದಿತು. ಟೆವಿನ್‌ಗೆ ಏನೂ ಕೇಳಿಸಲಿಲ್ಲ. ಅವನ ಕಣ್ಣೆದುರಿಗಿದ್ದದ್ದು ಊರಿನ ಆ ದೀಪ ಮಾತ್ರ. ಅದರ ಕೆಳಗೆ ಇಡೀ ಊರು ಬಾಯಿಮುಚ್ಚಿಕೊಂಡು ನಿಂತಿತ್ತು.

ಲಾಂಗ್‌ಮೈರ್ ಅಷ್ಟರಲ್ಲಿ ತಮಾಷೆ ನೋಡಲು ಮುಂಬಾಗಿಲಿನಿಂದ ಬಂದು ದಾರಿಗೆ ಅಡ್ಡ ನಿಂತಿದ್ದ. ನಗುತ್ತಲೇ ಭುಜ ಕೊಟ್ಟ. ಅವನ ಆ ಭುಜ ತಾಗಿ ಹಿಂದೊಮ್ಮೆ ನಿಂತ ಬಸ್ಸೊಂದು ಹಿಂದಕ್ಕೆ ಚಲಿಸಿತ್ತು. ಟೆವಿನ್ ಗಿರ್ರನೆ ಬುಗುರಿಯಾದ. ಲಾಂಗ್‌ಮೈರ್ ಬಿಡದೆ ಮುಷ್ಟಿಯಿಂದ ಪುಸ್ತಕಕ್ಕೇ ಗುದ್ದಿದ, ಎದುರಾಳಿಗಳು ಚೆಂಡಿಗೆ ಗುದ್ದುವ ಹಾಗೆ.

ಪುಸ್ತಕ ಅಲುಗಲಿಲ್ಲ.

ಮೇಲೆ ಕ್ರೌಡರ್‌ನ ಕಾಫಿ ಬಟ್ಟಲು ತುಟಿಗೆ ಅರ್ಧ ದೂರದಲ್ಲಿ ನಿಂತಿತು. "ಇನ್ನೊಂದ್ ಸಲ ಗುದ್ದು!" ಎಂದು ಅವನು ಅರಚಿದ. ಲಾಂಗ್‌ಮೈರ್ ಗುದ್ದಿದ. ಕೈ ಝಾಡಿಸಿಕೊಂಡು "ಅಯ್ಯೋ!" ಎಂದವನು ಅವನೇ.

ಕೊನೆಗೆ ಟೆವಿನ್‌ಗೆ ಎದುರಾದದ್ದು ಬೀಗ ಹಾಕಿದ ಎತ್ತರದ ಗೇಟು. ಅವನು ಅದಕ್ಕೆ ಬೆನ್ನು ಕೊಟ್ಟು ಕುಸಿದು ಕೂತ, ಪುಸ್ತಕದ ಮೇಲೆ ಗದ್ದವೂರಿ ಕಣ್ಣು ಮುಚ್ಚಿದ. ಗಾಡಿ ಹತ್ತಿರ ಬಂದು ನಿಂತಿತು.

"ಮಗನೇ," ಬಿಗ್ಸ್ ಏದುಸಿರಿನಲ್ಲೇ ಪ್ರೀತಿಯಿಂದ ಹೇಳಿದ, "ಕೋಚ್ ಕರೀತಾರೆ. ಪುಸ್ತಕ ತಗೊಂಡು ಬಾ."

ಗಲ್ಲಿಗೆ ಹೋಗುವವನ ಹಾಗೆ ಟೆವಿನ್ ಕಚೇರಿಯ ಮೆಟ್ಟಿಲು ಹತ್ತಿದ. ಒಳಗೆ ಕ್ರೌಡರ್ ಕೈ ಚಾಚಿದ.

"ಕೊಡು ಅದನ್ನ."

"ಕೊಡಲ್ಲ ಕೋಚ್." ಬೇರೆ ಯಾರೋ ಹೇಳಿದ ಹಾಗೆ ಆ ಮಾತು ತನ್ನ ಬಾಯಿಂದ ಬಂದದ್ದು ಕೇಳಿ ಟೆವಿನ್ ಇನ್ನಷ್ಟು ಹೆದರಿದ.

ಕ್ರೌಡರ್ ಎಳೆದ. ಬರಲಿಲ್ಲ. ವೀಮ್ಸ್ ಕೋಚ್‌ನ ಸೊಂಟ ಹಿಡಿದು ಎಳೆದ. ಮೇಜು ಸರಿಯಿತು, ಗೋಡೆಯ ಗಡಿಯಾರ ಬಿತ್ತು, ಪುಸ್ತಕ ಬರಲಿಲ್ಲ.

"ಲೋ ಪುಣ್ಯಾತ್ಮ!" ಕ್ರೌಡರ್ ಕುರ್ಚಿಗೆ ಬಿದ್ದು ಮುಖ ಒರೆಸಿಕೊಂಡ. "ಚೆಂಡನ್ನ ಯಾಕೋ ಹಿಂಗೆ ಹಿಡ್ಕೊಳ್ಳಲ್ಲ ನೀನು?"

"ಚೆಂಡು ಬಿದ್ರೆ ಬೈತೀರಿ, ಅಷ್ಟೇ," ಎಂದ ಟೆವಿನ್. "ಇದು ಹೋದ್ರೆ ಮನೆಗೆ ಕಳಿಸ್ತೀರಿ."

ವೀಮ್ಸ್ ಬಿದ್ದ ಗಡಿಯಾರವನ್ನು ಎತ್ತಿ ಮೇಜಿನ ಮೇಲಿಟ್ಟ.

"ಅವನು ಬೆಣ್ಣೆ ಕೈಯವನಲ್ಲ ಕೋಚ್," ಎಂದ ವೀಮ್ಸ್ ಮೆಲ್ಲಗೆ. "ಅವನಿಗೆ ಇಷ್ಟು ದಿನ ಸರಿಯಾದ ಭಯ ತೋರಿಸಿರಲಿಲ್ಲ, ಅಷ್ಟೇ."

ಕ್ರೌಡರ್ ಟೆವಿನ್‌ನನ್ನು ನೋಡಿದ, ಬಾಗಿಲಲ್ಲಿ ನಿಂತಿದ್ದ ಬಿಗ್ಸ್‌ನನ್ನು ನೋಡಿದ, ಮತ್ತೆ ಟೆವಿನ್‌ನನ್ನು. ಅವನ ಮುಖದಲ್ಲಿ ಮೂಡಿದ ನಗೆ ಟೆವಿನ್‌ಗೆ ಒಂಚೂರೂ ಹಿಡಿಸಲಿಲ್ಲ. "ಒಂದು ಭಾನುವಾರದ ಪಂದ್ಯ ಕೊಡ್ತೀನಿ," ಎಂದ. "ಒಂದೇ."

ಆ ಭಾನುವಾರ ಬಂತು. ಜನರ ಕೂಗಿಗೆ ಮೇಲೆ ಹಾರುತ್ತಿದ್ದ ಹಕ್ಕಿಗಳು ದಾರಿ ತಪ್ಪಿ ಬೇರೆ ರಾಜ್ಯಕ್ಕೆ ಹೋದವು. ಎದುರಾಳಿ ಒದ್ದ ಚೆಂಡು ಮೋಡದೊಳಗೆ ಹೊಕ್ಕು ಒದ್ದೆಯಾಗಿ ಕೆಳಗಿಳಿಯಿತು. ಟೆವಿನ್ ಹಿಡಿದ. ಹನ್ನೊಂದು ಮಂದಿ ನೆಲ ಅದುರಿಸುತ್ತ ಅವನ ಮೇಲೆ ಬರುತ್ತಿದ್ದರು. ಆದರೆ ಅವನ ಕಣ್ಣು ಅವರ ಮೇಲಿರಲಿಲ್ಲ. ಮೈದಾನದ ಗೆರೆಯಾಚೆ, ಕ್ರೌಡರ್‌ನ ಪಕ್ಕದಲ್ಲಿ, ಬೂದು ಟೋಪಿಯ ಬಿಗ್ಸ್ ನಿಂತಿದ್ದ. ಬಹಳ ಒಳ್ಳೆಯ ಮನುಷ್ಯ ಬಿಗ್ಸ್. ಮುಗುಳ್ನಗುತ್ತ, ಕೋಚ್ ಹೇಳಿಕೊಟ್ಟಿದ್ದಂತೆ, ಪುಸ್ತಕ ವಾಪಸು ಕೇಳುವವನ ಹಾಗೆ ಖಾಲಿ ಅಂಗೈಯನ್ನು ಅವನ ಕಡೆಗೆ ಚಾಚಿದ.

ಟೆವಿನ್ ಚೆಂಡನ್ನು ಎದೆಯ ಎಲುಬಿನೊಳಕ್ಕೇ ಒತ್ತಿಕೊಂಡು ಓಡಿದ.