ಪಾಟಿಗೆ ಕಾಲು ಗುಳಿಗೆ

ಪಾಟಿ ಮೊದಲ ಸಲ ಬಿದ್ದದ್ದು ಮೇ ತಿಂಗಳಲ್ಲಿ, ಅಂಗಳದಲ್ಲಿ ಒಣಹಾಕಿದ್ದ ಶಾವಿಗೆಯ ಮೇಲೆ. ನಾಲ್ಕೂ ಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು, ಮೈಯೆಲ್ಲ ನಡುಗಿತು. ಒಂದೂವರೆ ನಿಮಿಷ ಇದ್ದೀತು. ಆಮೇಲೆ ಎದ್ದು ಕೂತು, ಇವರೆಲ್ಲ ಯಾರು ಎಂಬಂತೆ ನಮ್ಮನ್ನು ನೋಡಿತು.

ಪಕ್ಕದ ಮನೆಯ ರಾಯವ್ವ ಒಡೆದ ಉಳ್ಳಾಗಡ್ಡಿ ಹಿಡಿದು ಓಡಿ ಬಂದಳು. "ಮೂಗಿಗೆ ಹಿಡೀರಿ ಬಾಯಾರ, ಎಚ್ಚರಾ ಆಗ್ತೈತಿ."

"ಉಳ್ಳಾಗಡ್ಡಿ ನಮ್ಮ ಮನ್ಯಾಗ ನಡಿಯೂದಿಲ್ಲ ರಾಯವ್ವಾ," ಎಂದರು ಅತ್ತೆ. ಅವರು ಆಗಲೇ ಕಪಾಟಿನ ಕೀಲಿಕೈ ತಂದು ಪಾಟಿಯ ಕಾಲಿಗೆ ಒತ್ತಿ ಹಿಡಿದಿದ್ದರು.

"ಕೀಲಿಕೈ ಯಾತಕ್ರಿ?"

"ಕಬ್ಬಿಣಾ ಹಿಡಿಸಬೇಕಲ್ಲ."

"ಅದು ಹಿತ್ತಾಳಿ ಐತ್ರಿ."

ಅತ್ತೆ ಕೀಲಿಕೈಯನ್ನು ತಿರುಗಿಸಿ ನೋಡಿದರು. ಅಷ್ಟರಲ್ಲಿ ಪಾಟಿ ಎದ್ದು ಹೋಗಿತ್ತು.

ಪಾಟಿ ನಮ್ಮ ಬೆಕ್ಕು. ಸಾಲೆಯ ಮಕ್ಕಳು ಬರೆಯುವ ಕಪ್ಪು ಪಾಟಿಯ ಬಣ್ಣ. ನವಿಲುತೀರ್ಥದ ಕಾಲುವೆ ಕೆಲಸದಲ್ಲಿದ್ದ ನನ್ನ ಗಂಡ ರಘು 1972ರ ದಸರೆಗೆ ಮನೆಗೆ ಬರುವಾಗ ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಆಗಿನ್ನೂ ಕಣ್ಣು ಬಿಟ್ಟಿರದ ಮರಿ. ಮರುವರ್ಷ ಜೀಪು ಉರುಳಿ ಅವರು ತೀರಿಕೊಂಡರು. ನಾನು ಧಾರವಾಡದಲ್ಲಿ ಎಂ.ಎ. ಓದಿದವಳು. ಅವರು ಹೋದಮೇಲೆ, ಓದಿದ್ದೂ ಮಾತಾಡುತ್ತಿದ್ದದ್ದೂ ಬೇರೆ ಯಾರೋ ಅನ್ನಿಸುತ್ತಿತ್ತು. ರಾಮದುರ್ಗದ ಮನೆಯಲ್ಲಿ ಉಳಿದವರು ಅತ್ತೆ ಗಂಗೂಬಾಯಿ, ಸಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ಮಾವ ಕೃಷ್ಣಾಜಿ, ಸೊಸೆ ನರ್ಮದೆಯಾದ ನಾನು ಮತ್ತು ಪಾಟಿ.

ಜೂನ್ ಅರ್ಧ ಮುಗಿಯುವುದರೊಳಗೆ ಪಾಟಿ ಆರು ಸಲ ಬಿತ್ತು. ಒಮ್ಮೆ ಬಾವಿಯ ಕಟ್ಟೆಯ ಮೇಲೆಯೇ.

"ಪರಪ್ಪನ್ನ ಕರೆಸೋಣ," ಎಂದರು ಅತ್ತೆ. "ಎತ್ತು ಎಮ್ಮಿಗೆಲ್ಲಾ ಅಂವನ ಬರಿ ಹಾಕ್ತಾನ. ನೆತ್ತೀ ಮ್ಯಾಲೆ ಒಂದ ಗೆರಿ ಎಳದರ ಬ್ಯಾನಿ ಹೋಗ್ತದಂತ."

ಪರಪ್ಪ ಬರೆ ಹಾಕುವುದು ಕೆಂಪಗೆ ಕಾಸಿದ ಕುಡಗೋಲಿನ ತುದಿಯಿಂದ. ಪಾಟಿಯ ತಲೆ ಒಂದು ಲಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ನಾನು ಪಾಟಿಯನ್ನು ಕಾಯಿಪಲ್ಯೆಯ ಚೀಲದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋದೆ.

ನನ್ನ ಮುಂದೆ ಕೊಂಬು ಮುರಿದ ಎತ್ತು, ಹಿಂದೆ ಎಮ್ಮೆ. ಚೀಲದಿಂದ ಪಾಟಿಯ ತಲೆಯಷ್ಟೇ ಹೊರಗಿತ್ತು. ಎಮ್ಮೆಯ ಯಜಮಾನ ಬಗ್ಗಿ ನೋಡಿ, "ಏನಾಗೇತ್ರಿ ಇದಕ್ಕ, ಹಾಲು ಕಡಿಮಿ ಆಗೇತೇನ್ರಿ?" ಎಂದು ಕೇಳಿದ. ಎಲ್ಲರೂ ನಕ್ಕರು. ಎಮ್ಮೆಯೊಂದೇ ಗಂಭೀರವಾಗಿತ್ತು.

ಲಗಮಣ್ಣ ಡಾಕ್ಟರಿಗೆ ನಿವೃತ್ತಿಗೆ ಎರಡು ವರ್ಷವಿತ್ತು. "ಈ ಟೇಬಲ್ ಮ್ಯಾಲೆ ಬೆಕ್ಕು ಬಂದದ್ದು ಇದು ಎರಡನೇದು," ಎಂದರು. "ಮೊದಲನೇದು ತಾನ ಬಂದಿತ್ತು, ನನ್ನ ಬುತ್ತಿ ವಾಸನಿಗೆ."

ನಾನು ಹೇಳಿದ್ದನ್ನೆಲ್ಲ ಕೇಳಿ, ದಪ್ಪನೆಯ ಪುಸ್ತಕವೊಂದನ್ನು ತೆಗೆದು ಬಹಳ ಹೊತ್ತು ಓದಿದರು.

"ಪುಸ್ತಕದಾಗ ನಾಯೀದು ಬರದಾರ್ರಿ. ಬೆಕ್ಕಿನ ಸುದ್ದಿ ಎರಡ ಸಾಲು. ಕಾಲು ಗುಳಿಗಿ ಮುಂಜಾನೆ, ಕಾಲು ಗುಳಿಗಿ ಸಂಜೀಕ ಕೊಟ್ಟು ನೋಡೋಣು. ಇದು ಮನುಷ್ಯಾರಿಗೆ ಕೊಡೂ ಗುಳಿಗಿ. ಒಂದ ದಿನಾನೂ ತಪ್ಪಿಸಬ್ಯಾಡ್ರಿ. ಬಿದ್ದ ದಿನಾ ಎಲ್ಲಾ ಬರದ ಇಡ್ರಿ. ಬರೀಲಿಕ್ಕೆ ಬರ್ತೈತಲ್ಲ ತಂಗಿ?"

"ಎಂ.ಎ. ಆಗೇದ್ರಿ."

"ಹಂಗಾದ್ರ ಬಾಳ ಬರೀಬ್ಯಾಡ್ರಿ ಮತ್ತ. ತಾರೀಖು ಅಷ್ಟ ಸಾಕು."

ಮನೆಯಲ್ಲಿ ಅತ್ತೆ ಗುಳಿಗೆಯ ಪೊಟ್ಟಣವನ್ನು ದೂರ ಹಿಡಿದು ನೋಡಿದರು. "ದನದ ಡಾಕ್ಟರು, ಮನುಷ್ಯಾರ ಗುಳಿಗಿ, ಬೆಕ್ಕಿನ ಹೊಟ್ಟಿ. ಛಲೋ ಅದ."

ಪಂಚಾಂಗದಿಂದ ತಲೆಯೆತ್ತದೆ ಮಾವ ತೀರ್ಮಾನ ಕೊಟ್ಟರು. ಜುಲೈ ಮುಗಿಯುವವರೆಗೆ ನರ್ಮದೆಯ ಗುಳಿಗೆ. ಆಗಲೂ ನಿಲ್ಲದಿದ್ದರೆ ಪರಪ್ಪ.

ಒಂದೇ ತೊಡಕು. ಪಾಟಿ ನನ್ನ ಕೈಯಿಂದ ಏನೂ ತಿನ್ನುತ್ತಿರಲಿಲ್ಲ. ಅದಕ್ಕೆ ಹಾಲು, ಕೆನೆ, ಮಜ್ಜಿಗೆ ಅನ್ನ ಎಲ್ಲವೂ ಅತ್ತೆಯ ಕೈಯಿಂದಲೇ ಆಗಬೇಕು. ಹೀಗಾಗಿ ಗುಳಿಗೆಯನ್ನು ಪುಡಿ ಮಾಡಿ ಕೆನೆಯಲ್ಲಿ ಕಲಸಿ ಕೊಡುವ ಕೆಲಸವೂ ಅವರ ಪಾಲಿಗೇ ಬಂತು. "ನನಗ ನಂಬಿಕಿ ಇಲ್ಲ, ಆದರ ಮಾತು ಕೊಟ್ಟೇನಿ," ಎಂದು ದಿನಕ್ಕೆರಡು ಸಲ ಹೇಳಿ ಕೊಡುತ್ತಿದ್ದರು. ಡಾಕ್ಟರು ತಪ್ಪಿಸಬಾರದು ಎಂದದ್ದನ್ನೂ ಅವರಿಗೆ ಹೇಳಿದ್ದೆ.

ಜೂನ್ ಹದಿನೇಳಕ್ಕೆ ಶುರುಮಾಡಿದೆವು. ಮೊದಲ ಮೂರು ದಿನ ಪಾಟಿ ಅಮಲೇರಿದವರಂತೆ ಓಲಾಡಿತು. ನಾಲ್ಕನೆಯ ದಿನ ಮಾವನ ಜನಿವಾರ ಹಿಡಿದು ಜೋತಾಡಿತು. ಹತ್ತನೆಯ ದಿನ ಮಾಳಿಗೆ ಹತ್ತಿ ರಾಯವ್ವನ ಸಂಡಿಗೆ ಕೆಡಿಸಿ ಬಂತು. ರಾಯವ್ವ ಜಗಳಕ್ಕೆ ಬಂದಳು. ಅತ್ತೆ, "ಆರಾಮ ಆಗೇದ ಅದಕ್ಕ," ಎಂದು ಹಬ್ಬದ ಸುದ್ದಿಯಂತೆ ಹೇಳಿದರು. ರಾಯವ್ವ ಬೈಯುವುದನ್ನು ನಿಲ್ಲಿಸಿ, "ಹೌದನ್ರಿ?" ಎಂದು ಕೂತಳು.

ಜುಲೈ ಒಂದಕ್ಕೆ ಪಾಟಿ ಮತ್ತೆ ಬಿತ್ತು. ಬೆಳಗ್ಗೆ, ತುಳಸಿಕಟ್ಟೆಯ ಹತ್ತಿರ. ನಾನು ವಹಿಯಲ್ಲಿ ತಾರೀಖು ಬರೆದೆ.

ಜುಲೈ ಹದಿನಾರಕ್ಕೆ ಬಿತ್ತು. ಬರೆದೆ.

ಜುಲೈ ಮೂವತ್ತೊಂದಕ್ಕೆ ಬಿದ್ದಾಗ ಅತ್ತೆ ಸೆರಗಿನಿಂದ ಅದರ ಬಾಯಿ ಒರೆಸಿ, ಪರಪ್ಪನಿಗೆ ಹೇಳಿ ಕಳಿಸಿದರು. ಹೊಲದ ಬಿತ್ತಿಗೆಯ ಕೆಲಸ ಮುಗಿಸಿ ಆಗಸ್ಟ್ ಹದಿನಾಲ್ಕಕ್ಕೆ ಬರುತ್ತೇನೆ ಎಂದು ಅವನು ಹೇಳಿ ಕಳಿಸಿದ.

ನಾನು ವಹಿ ತೆಗೆದುಕೊಂಡು ಡಾಕ್ಟರ ಬಳಿ ಹೋದೆ. ಅವರು ಮೂರು ತಾರೀಖುಗಳನ್ನು ನೋಡಿ, ಬೆರಳಿನಿಂದ ಎಣಿಸಿ, ಟೇಬಲ್ಲಿನ ಮೇಲೆ ಬಡಿದರು.

"ಹದಿನೈದು, ಹದಿನೈದು ದಿನ. ಬ್ಯಾನಿ ಹಿಂಗ ಲೆಕ್ಕಾ ಹಿಡದು ಬರೂದಿಲ್ಲ ತಂಗಿ. ಏನೋ ಐತಿ. ನಾ ಸಂಜೀಕ ಮನಿಗೆ ಬರ್ತೇನಿ."

ಬಂದರು. ಮಾವ ಪಡಸಾಲೆಯಲ್ಲಿ ಚಾಪೆ ಹಾಸಿದರು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಪಾಟಿ ಡಾಕ್ಟರ ಚಪ್ಪಲಿಯನ್ನು ಮೂಸುತ್ತಿತ್ತು, ಬಹುಶಃ ಎಮ್ಮೆಗಳ ಸುದ್ದಿ ಓದುತ್ತಿತ್ತು.

"ಜುಲೈ ಒಂದು, ಹದಿನಾರು, ಮೂವತ್ತೊಂದು," ಎಂದು ಡಾಕ್ಟರು ಓದಿದರು. "ಮಾಸ್ತರ್ರ, ಈ ದಿವಸ ಮನ್ಯಾಗ ಏನರ ವಿಶೇಷ ಇತ್ತೇನ್ರಿ?"

ಮಾವ ಪಂಚಾಂಗ ತಿರುವಿದರು. ಒಂದು ಪುಟ. ಮತ್ತೊಂದು ಪುಟ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ದ್ವಾದಶಿ," ಎಂದರು. "ಮೂರೂ ದ್ವಾದಶಿ."

"ನಾ ಹೇಳಲಿಲ್ಲಾ?" ಎಂದರು ಅತ್ತೆ. "ಇದು ಗುಳಿಗಿಗೆ ಹೋಗೂ ಬ್ಯಾನಿ ಅಲ್ಲ. ತಿಥಿ ನೋಡಿ ಬರ್ತದ."

"ದ್ವಾದಶಿ ಹಿಂದಿನ ದಿನ ಯಾವದ್ರಿ?"

"ಏಕಾದಶಿ."

"ಅವತ್ತ ಏನ್ ಮಾಡ್ತೀರಿ ಬಾಯಾರ?"

"ಏನೂ ಮಾಡೂದಿಲ್ಲ. ಒಲಿ ಹಚ್ಚೂದಿಲ್ಲ. ನಿಟ್ಟುಪವಾಸ. ನೀರೂ ಇಲ್ಲ."

"ಎಲ್ಲಾರೂ?"

"ಎಲ್ಲಾರೂ."

ಡಾಕ್ಟರು ಪಾಟಿಯನ್ನು ನೋಡಿದರು. ಮಾವ ಪಾಟಿಯನ್ನು ನೋಡಿದರು. ನಾನೂ ನೋಡಿದೆ. ಏಕಾದಶಿಯಂದು ನಾನು ಅಡಿಗೆಮನೆಯ ಕಡೆ ಹೋಗುತ್ತಿರಲಿಲ್ಲ. ಹೋಗಲು ಅಲ್ಲಿ ಏನೂ ಇರುತ್ತಿರಲಿಲ್ಲ.

"ಅತ್ಯಾ," ಎಂದೆ, "ಅವತ್ತ ಪಾಟಿಗೆ ಗುಳಿಗಿ?"

"ಕೆನಿ ಎಲ್ಲಿಂದ ಬರಬೇಕು? ಅದೂ ಈ ಮನೀದ ಅಲ್ಲೇನು?" ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿದರು. "ಇಷ್ಟು ಕಷ್ಟಾ ಬಂದದ ಅದಕ್ಕ. ನಾಕು ಏಕಾದಶಿ ಮಾಡಿದರ ಒಂದೀಟು ಪುಣ್ಯಾ ಬರ್ಲಿ ಅಂತ ಮಾಡಸೇನಿ."

"ಒಂದ ದಿನಾನೂ ತಪ್ಪಿಸಬ್ಯಾಡ್ರಿ ಅಂದಿದ್ದೆನಲ್ರಿ," ಎಂದರು ಡಾಕ್ಟರು.

"ತಪ್ಪಿಸಿಲ್ಲಾ. ತಪ್ಪಸೂದು ಬ್ಯಾರೆ, ಉಪವಾಸ ಬ್ಯಾರೆ."

"ಬಾಯಾರ, ಈ ಗುಳಿಗಿ ಒಮ್ಮಿಂದೊಮ್ಮೆಲೆ ನಿಂತ್ರ ಬ್ಯಾನಿ ತಿರುಗಿ ಬರ್ತೈತ್ರಿ. ಅದಕ್ಕ ಮರುದಿನಾ ಬೀಳ್ತೈತಿ." ಅವರು ಮೀಸೆ ಒರೆಸಿಕೊಂಡರು. "ಮತ್ತ ನಿಮ್ಮ ಬೆಕ್ಕು ಅವತ್ತ ಹಿತ್ತಲದಾಗ ಇಲಿ ತಿಂದ ಇರ್ತೈತ್ರಿ. ಉಪವಾಸ ಆಗಿದ್ದು ಗುಳಿಗೀದಷ್ಟ."

ಮೊದಲು ಮಾವನ ಹೊಟ್ಟೆ ಕುಲುಕಿತು. ಆಮೇಲೆ ಯಾರೋ ಜೋರಾಗಿ ನಕ್ಕರು. ಅದು ನಾನು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅತ್ತೆ ನನ್ನನ್ನೇ ನೋಡಿದರು. ಅವರ ಮುಖದಲ್ಲಿ ಸಿಟ್ಟು ಬರಬೇಕಾದಲ್ಲಿ ಬೇರೇನೋ ಬಂತು.

ಆದರೂ ಅವರು ಸೋಲಲಿಲ್ಲ. "ಏಕಾದಶಿ ದಿನಾ ನನ್ನ ಕೈಲೆ ಕೆನಿ ಮುಟ್ಟಿ ಯಾರ ಬಾಯಾಗೂ ಹಾಕೂದಿಲ್ಲ. ಮದವಿ ಆಗಿ ಬಂದಾಗಿಂದ ಹಾಕಿಲ್ಲ."

ಡಾಕ್ಟರು ನನ್ನತ್ತ ನೋಡಿದರು. ಪಾಟಿ ನನ್ನ ಕೈಯಿಂದ ತಿನ್ನುವುದಿಲ್ಲ ಎಂದು ಹೇಳಿದೆ. ಹದಿಮೂರಕ್ಕೆ ಏಕಾದಶಿ. ಹದಿನಾಲ್ಕಕ್ಕೆ ಪರಪ್ಪನ ಕುಡಗೋಲು.

ಆಗ ಮಾವ, ತಾವಿನ್ನೂ ಸಾಲೆಯಲ್ಲೇ ಕಲಿಸುತ್ತಿರುವಂತೆ ಕೇಳಿದರು. "ಗಂಗೂ, ಎಂಟು ವರ್ಷದ ಒಳಗಿನ ಮಕ್ಕಳಿಗೆ ಏಕಾದಶಿ ಅದನೋ ಇಲ್ಲೋ?"

"ಇಲ್ಲ. ಮಕ್ಕಳಿಗೆ ಎಲ್ಲೀದು? ರಘೂಗ ಎಂಟು ತುಂಬೂತನಾ ನಾನ ಹಾಲು ಕಾಸಿ ಕೊಟ್ಟೇನಲ್ಲ, ಏಕಾದಶಿ ದಿನಾ." ಹೇಳಿ ಮುಗಿಸುವ ಹೊತ್ತಿಗೆ ಅವರು ತಮ್ಮ ಮಾತು ತಾವೇ ಕೇಳಿಸಿಕೊಂಡರು.

"ಡಾಕ್ಟರ, ಪಾಟೀ ವಯಸ್ಸೆಷ್ಟು?" ಎಂದರು ಮಾವ.

ಲಗಮಣ್ಣ ಡಾಕ್ಟರು ಪಾಟಿಯ ಬಾಯಿ ತೆರೆದು, ಎತ್ತಿಗೆ ನೋಡುವಂತೆಯೇ ಹಲ್ಲು ನೋಡಿದರು. "ಎರಡು ಇನ್ನೂ ತುಂಬಿಲ್ರಿ. ಬೇಕಾದ್ರ ಸರ್ಕಾರಿ ಸಿಕ್ಕಾ ಹೊಡದು ಬರದು ಕೊಡ್ತೇನಿ."

ಅತ್ತೆ ಒಳಗೆ ಹೋದರು. ಡಾಕ್ಟರಿಗೆ ಚಹಾ ಬಂತು, ಜೊತೆಗೆ ಒಂದು ತಾಟು ಚಕ್ಕುಲಿ. ಪಾಟಿಗೆ ಕೆನೆ ಬಂತು.

ಆಗಸ್ಟ್ ಹದಿಮೂರರಂದು ಮನೆಯಲ್ಲಿ ಒಲೆ ಉರಿಯಿತು. ಅರ್ಧ ಸೇರು ಹಾಲಿಗಾಗಿ, ಒಂದು ಮಗುವಿಗಾಗಿ. ಬೆಳಗ್ಗೆ ಕಾಲು ಗುಳಿಗೆ, ಸಂಜೆ ಕಾಲು ಗುಳಿಗೆ. ಬಾಯಲ್ಲಿ ಹನಿ ನೀರಿಲ್ಲದೆ ಅತ್ತೆ ಕೆನೆ ಕಲಸಿದರು. "ತಿನ್ನು, ನಿನಗ ಇನ್ನೂ ಮಾಫಿ ಅದ," ಎನ್ನುತ್ತಿದ್ದರು.

ಮರುದಿನ ಬೆಳಕು ಹರಿಯುವ ಮೊದಲೇ ಪಾರಣೆ. ನಾವು ಮೂವರೂ ಎಲೆಯ ಮುಂದೆ ಕೂತು ಪಾಟಿಯನ್ನೇ ನೋಡುತ್ತಿದ್ದೆವು. ಮಾವ ಸಾರು ಹಾಕಿಸಿಕೊಂಡು ಕಲಸುವುದನ್ನೇ ಮರೆತರು. ಪಾಟಿ ಮೈ ನೆಕ್ಕಿಕೊಂಡಿತು. ತುಳಸಿಕಟ್ಟೆ ಸುತ್ತಿ ಬಂತು. ಬಿಸಿಲು ಬಂದಮೇಲೆ ಬಿಸಿಲಲ್ಲಿ ಮಲಗಿತು.

ಎಂಟು ಗಂಟೆಗೆ ಪರಪ್ಪ ಬಂದ. ಕುಡಗೋಲನ್ನು ಕಟ್ಟೆಯ ಮೇಲಿಟ್ಟು, ರುಮಾಲು ಬಿಚ್ಚಿ ಪಕ್ಕದಲ್ಲಿಟ್ಟ. "ಎಲ್ಲೈತ್ರಿ ಬ್ಯಾನಿ ಬೆಕ್ಕು?" ಎಂದು ಕೇಳುವಷ್ಟರಲ್ಲಿ ಪಾಟಿ ರುಮಾಲಿನೊಳಗೆ ಸುರುಳಿಯಾಗಿ ಕೂತು ಕಣ್ಣು ಮುಚ್ಚಿತು.

"ಇದನ್ರಿ? ಇದು ನನಗಿಂತ ಗಟ್ಟಿ ಐತಿ."

"ಆರಾಮ ಆಗೇದ ಪರಪ್ಪಾ. ನೀ ಉಂಡು ಹೋಗು," ಎಂದರು ಅತ್ತೆ.

"ಉಣ್ತೇನ್ರಿ. ರುಮಾಲು?"

"ಅದು ಎದ್ದಮ್ಯಾಲೆ ತಗೋ."

ಪರಪ್ಪ ಮಧ್ಯಾಹ್ನದವರೆಗೂ ಕಾದ.

ವಹಿಯಲ್ಲಿ ಬರೆದೆ: ಆಗಸ್ಟ್ 14. ಬೀಳಲಿಲ್ಲ. ಬರೆಯುವುದನ್ನು ಅತ್ತೆ ನಿಂತು ನೋಡಿದರು.

"ಎಂಟು ಯಾವಾಗ ತುಂಬ್ತದ ಅದಕ್ಕ?"

"ಎಂಬತ್ತರ ದಸರಾಕ್ಕ."

"ಅವಾಗ ಏನ್ ಮಾಡೂದು ಅಂತ ನಿಮ್ಮ ಮಾವನ್ನ ಕೇಳಬೇಕು. ನನಗ ಮರತ ಹೋಗ್ತದ. ನೀ ಇರ್ತೀಯಲ್ಲ, ನೆನಪ ಮಾಡು."

ಆರು ವರ್ಷ. ಗಂಡ ಹೋದಮೇಲೆ ಅಷ್ಟು ಮುಂದಿನದನ್ನು ಯಾರೂ ನನ್ನ ಹತ್ತಿರ ಕೇಳಿರಲಿಲ್ಲ.

"ಇರ್ತೇನಿ," ಎಂದೆ.